ಗುಬ್ಬಚ್ಚಿ ದೊಡ್ಡಪ್ಪ ಮತ್ತು ಗಾರ್ಡಮ್ಮನ ಪಿಸ್ತೂಲಿನ ಒರೆ

ನಮ್ಮ ದೊಡ್ಡಪ್ಪ ಮೂವತ್ತೊಂದು ವರ್ಷದಿಂದ ಪಿಸ್ತೂಲಿಗೆ ಚರ್ಮದ ಒರೆ ಹೊಲಿಯುತ್ತಿದ್ದಾರೆ, ಆದರೆ ಇವತ್ತಿನವರೆಗೂ ಒಂದೇ ಒಂದು ಪಿಸ್ತೂಲನ್ನೂ ಕೈಯಲ್ಲಿ ಹಿಡಿದಿಲ್ಲ. ಹಿಡಿಯುವುದು ದೂರದ ಮಾತು, ಬೀದಿಯಲ್ಲಿ ಯಾವುದೋ ಮಗುವಿನ ಬಲೂನು ಒಡೆದರೂ ಕೂತಲ್ಲೇ ಒಂದು ಗೇಣು ಮೇಲಕ್ಕೆ ಹಾರುತ್ತಾರೆ. ಅದಕ್ಕೇ ಅಂಗಡಿಗೆ ಬರುವ ಕಾವಲಿನವರೆಲ್ಲ ಸೇರಿ ಅವರಿಗೆ ಗುಬ್ಬಚ್ಚಿ ಅಂತ ಹೆಸರಿಟ್ಟಿದ್ದಾರೆ. ದೊಡ್ಡಪ್ಪನಿಗೆ ಅದರಿಂದ ಬೇಸರವೇನೂ ಇಲ್ಲ. ದೊಡ್ಡಮ್ಮನಿಗಂತೂ ಆ ಹೆಸರು ಎಷ್ಟು ಹಿಡಿಸಿದೆಯೆಂದರೆ, ಊಟಕ್ಕೆ ಕರೆಯುವಾಗಲೂ ಗುಬ್ಬಚ್ಚಿಗೆ ಕಾಳು ಹಾಕಿಟ್ಟಿದೆ, ಹಾರಿ ಬರಬೇಕಂತೆ ಅಂತ ಒಳಗಿನಿಂದಲೇ ಕೂಗುತ್ತಾರೆ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ, ಅಷ್ಟೇ. ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ಐದು. ಬೀದಿಯ ಕಡೆಗಿರುವ ಕಿಟಕಿಯ ಗಾಜು ತುಂಬಾ ಹಳೆಯದು, ಅದರೊಳಗೆ ಸಣ್ಣ ಸಣ್ಣ ಅಲೆಗಳಿವೆ, ಹಾಗಾಗಿ ಹೊರಗೆ ನಡೆದುಹೋಗುವವರು ನೀರಿನಡಿಯಲ್ಲಿ ನಡೆದ ಹಾಗೆ ಕಾಣುತ್ತಾರೆ. ಒಂದು ಕ್ಷಣ ಉದ್ದವಾಗಿ, ಇನ್ನೊಂದು ಕ್ಷಣ ಗಿಡ್ಡವಾಗಿ, ಕೊನೆಗೆ ಕಿಟಕಿಯ ಚೌಕಟ್ಟಿನಲ್ಲಿ ಕರಗಿಹೋಗುತ್ತಾರೆ. ಬಿಸಿಲು ಆ ಗಾಜಿನಿಂದ ಒಳಗೆ ಬಂದು ಗೋಡೆಯ ಮೇಲೆ ನಡುಗುತ್ತದೆ. ಒದ್ದೆ ಚರ್ಮದ ವಾಸನೆ, ಮೇಣದ ದಾರದ ವಾಸನೆ, ದೊಡ್ಡಮ್ಮನ ಟೀ ವಾಸನೆ, ಮೂರೂ ಸೇರಿದ ಆ ಗಾಳಿಯಲ್ಲಿ ಎರಡು ನಿಮಿಷ ಕೂತರೆ ಸಾಕು, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಏನೋ ಒಂದು ಕಣ್ಣಿಗೆ ಹತ್ತುತ್ತದೆ. ದೊಡ್ಡಪ್ಪ ಬದುಕೆಲ್ಲ ಆ ಸ್ಥಿತಿಯಲ್ಲೇ ಇದ್ದಾರೆ ಅಂತ ದೊಡ್ಡಮ್ಮನ ದೂರು.

ಮೊದಲು ಅವರು ಹೊಲಿಯುತ್ತಿದ್ದದ್ದು ಸ್ಕೂಲಿಗೆ ಹೋಗುವ ಮಕ್ಕಳ ಚರ್ಮದ ಚೀಲ. ಆಮೇಲೆ ಹಗುರವಾದ ಬಣ್ಣಬಣ್ಣದ ಬ್ಯಾಗುಗಳು ಬಂದವು, ಚರ್ಮದ ಚೀಲ ಯಾರಿಗೂ ಬೇಡವಾಯಿತು. ಕೆಲಸವಿಲ್ಲದೆ ಕೂತಿದ್ದಾಗ ಒಬ್ಬ ಕಾವಲಿನವನು ಹರಿದ ಒರೆಯನ್ನು ತಂದು ಇದಕ್ಕೊಂದು ಹೊಲಿಗೆ ಹಾಕಿ ಅಂದನಂತೆ. ಹೊಲಿಗೆ ಹಾಕಿದರು. ಹಾಕಿದ್ದು ಹೇಗಿತ್ತೆಂದರೆ, ಮುಂದಿನ ವಾರ ಅವನ ಜೊತೆಗೆ ಇನ್ನೂ ನಾಲ್ಕು ಜನ ಬಂದರು. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಡೆದಿದೆ.

ನಾನು ಹೇಳಬೇಕು ಅಂದುಕೊಂಡಿರುವುದು ಈ ವರ್ಷ ಬಂದ ಗಾರ್ಡಮ್ಮನ ಒರೆಯ ವಿಷಯ. ನನ್ನ ಕಾಲೇಜಿಗೆ ರಜೆ ಇತ್ತು, ನಾನು ಅವರ ಮನೆಯಲ್ಲೇ ಇದ್ದೆ, ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಕಣ್ಣಾರೆ ನೋಡಿದೆ.

ಗಾರ್ಡಮ್ಮ ಹನ್ನೊಂದು ವರ್ಷದಿಂದ ಒಂದು ಬ್ಯಾಂಕಿನ ಬಾಗಿಲ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತವರು. ಎತ್ತರದ ಮನುಷ್ಯೆ, ದೊಡ್ಡ ಕೈ, ಆದರೆ ಮಾತು ಮಾತ್ರ ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನುವಷ್ಟು ಮೆಲ್ಲಗೆ. ಬ್ಯಾಂಕಿನ ಹಣ ಸಾಗಿಸುವ ವ್ಯಾನಿಗೆ ಕಾವಲು ಬೇಕು ಅಂತ ಅವರ ಕಂಪನಿ ಹೇಳಿದಾಗ ಇವರೇ ಮೊದಲು ಕೈ ಎತ್ತಿದರಂತೆ. ಆ ವ್ಯಾನು ಬೆಳಿಗ್ಗೆ ಹೊರಟರೆ ಆರೇಳು ಊರು ಸುತ್ತಿ ಸಂಜೆಗೆ ಬರುತ್ತದೆ. ಗಾರ್ಡಮ್ಮನ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. "ಅವರು ಸಮುದ್ರ ಎಲ್ಲಾ ನೋಡಿದಾರೆ ಅಣ್ಣಾ. ನಾನು ನೋಡಿರೋದು ಒಂದು ಬಾಗಿಲು. ಅದೂ ಒಳಗಡೆಯಿಂದ ಮಾತ್ರ," ಅಂತ ಗಾರ್ಡಮ್ಮ ದೊಡ್ಡಪ್ಪನಿಗೆ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ.

ವ್ಯಾನು ಹತ್ತಬೇಕಾದರೆ ಪಿಸ್ತೂಲಿನ ಪರೀಕ್ಷೆ ಪಾಸಾಗಬೇಕು. ಐದು ಸಲ ಸೀಟಿ ಊದುತ್ತಾರೆ. ಪ್ರತಿ ಸಲವೂ ಪಿಸ್ತೂಲನ್ನು ಒರೆಯಿಂದ ಎಳೆದು ಕಾಗದದ ಗುರಿಗೆ ಹೊಡೆಯಬೇಕು, ಆಮೇಲೆ ಕೆಳಗೆ ನೋಡದೆ, ಒಂದೇ ಕೈಯಲ್ಲಿ, ಅದನ್ನು ಮತ್ತೆ ಒರೆಗೆ ಸೇರಿಸಬೇಕು. ಐದರಲ್ಲಿ ನಾಲ್ಕು ಸರಿಯಾಗಬೇಕು. ಮೊದಲನೆಯ ಪರೀಕ್ಷೆಯಲ್ಲಿ ಗಾರ್ಡಮ್ಮ ಕಂಪನಿಯವರು ಕೊಟ್ಟ ರೆಡಿಮೇಡ್ ಒರೆ ಕಟ್ಟಿಕೊಂಡು ಹೋಗಿದ್ದರು. ಅದು ಹಲಗೆಯ ಹಾಗೆ ಗಡುಸು. ಎಳೆದರೆ ಪಿಸ್ತೂಲು ಬರಲಿಲ್ಲ, ಬೆಲ್ಟೇ ಪಕ್ಕೆಲುಬಿನವರೆಗೆ ಎದ್ದುಬಂತು. ಸುತ್ತ ನಿಂತವರು ನಕ್ಕರು. ಐದರಲ್ಲಿ ಆದದ್ದು ಎರಡು. ಇನ್ನು ಒಂದೇ ಅವಕಾಶ, ಆರು ವಾರ ಬಿಟ್ಟು. ಅದೂ ಕೈತಪ್ಪಿದರೆ ಜನ್ಮ ಪೂರ್ತಿ ಸ್ಟೂಲು, ಇನ್ನೊಮ್ಮೆ ಕೇಳುವ ಹಾಗಿಲ್ಲ. ಅದಕ್ಕೇ ಅವರು ಗುಬ್ಬಚ್ಚಿಯನ್ನು ಹುಡುಕಿಕೊಂಡು ಬಂದದ್ದು.

ಈಗ ಒಂದು ಸಮಸ್ಯೆ. ಕಂಪನಿಯ ಪಿಸ್ತೂಲನ್ನು ಅಂಗಡಿಗೆ ತರುವ ಹಾಗಿಲ್ಲ, ಸಂಜೆಯಾದರೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಆದ್ದರಿಂದ ದೊಡ್ಡಪ್ಪನೇ ಅಲ್ಲಿಗೆ ಹೋದರು. ಹೋಗುವ ಮುಂಚೆ ಎರಡು ಲೋಟ ನೀರು ಕುಡಿದರು. ಅಲ್ಲಿಯ ಉಸ್ತುವಾರಿಯವರು ಪಿಸ್ತೂಲನ್ನು ಖಾಲಿ ಮಾಡಿ, ಖಾಲಿ ಅಂತ ಮೂರು ಸಲ ತೋರಿಸಿದರೂ ದೊಡ್ಡಪ್ಪ ಹತ್ತಿರ ಬರಲಿಲ್ಲವಂತೆ. ಕೊನೆಗೆ ಗಾರ್ಡಮ್ಮ ಅದನ್ನು ಎರಡೂ ಕೈಯಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದುಕೊಂಡರು, ದೊಡ್ಡಪ್ಪ ಒಂದು ದಾರ ತೆಗೆದು, ಕಣ್ಣು ಅರ್ಧ ಮುಚ್ಚಿಕೊಂಡೇ ಅಳತೆ ತೆಗೆದರು. ಮೂತಿಯ ಸುತ್ತ ಒಂದು ಗಂಟು, ಹಿಡಿಕೆಯ ಬುಡಕ್ಕೆ ಒಂದು ಗಂಟು, ಬೆರಳಿನಿಂದ ಎಳೆಯುವ ಕುದುರೆ ಇರುವಲ್ಲಿ ಎರಡು ಗಂಟು. ದೊಡ್ಡಪ್ಪ ಟೇಪು ಹಿಡಿಯುವುದೇ ಇಲ್ಲ. ಟೇಪು ನಂಬರು ಹೇಳುತ್ತದೆ, ದಾರ ಮೈ ಹೇಳುತ್ತದೆ ಅನ್ನುವುದು ಅವರ ವಾದ.

ಹದಿನಾಲ್ಕು ಗಂಟಿನ ಆ ದಾರವನ್ನು ಮನೆಗೆ ತಂದು, ಒಂದು ವಾರ ಕೂತು ಮರದಲ್ಲಿ ಪಿಸ್ತೂಲು ಕೆತ್ತಿದರು. ನಿಜವಾದದ್ದನ್ನು ಮುಟ್ಟಲೂ ಹೆದರುವ ಆ ಕೈ ಮರದ ಪಿಸ್ತೂಲನ್ನು ಹಿಡಿದಾಗ ಎಷ್ಟು ಮುದ್ದು ಮಾಡುತ್ತಿತ್ತು ಅಂದರೆ, ಉಪ್ಪುಕಾಗದದಿಂದ ಉಜ್ಜುವುದು, ಕೆನ್ನೆಗೆ ತಾಗಿಸಿ ನುಣುಪು ನೋಡುವುದು, ಮತ್ತೆ ಉಜ್ಜುವುದು. ನನ್ನ ಕೆನ್ನೆ ಹೀಗೆ ಮುಟ್ಟಿ ಎಷ್ಟು ವರ್ಷವಾಯಿತೋ ಅಂತ ದೊಡ್ಡಮ್ಮ ಟೀ ಲೋಟ ಇಡುತ್ತಾ ಹೇಳಿದರು. ದೊಡ್ಡಪ್ಪನಿಗೆ ಕೇಳಿಸಲೇ ಇಲ್ಲ.

ಆಮೇಲೆ ಚರ್ಮ. ಅದನ್ನು ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರು. ಚರ್ಮ ಮೊದಲು ತೇಲುತ್ತದೆ, ಪುಟ್ಟ ಪುಟ್ಟ ಗುಳ್ಳೆ ಬಿಡುತ್ತದೆ, ಗುಳ್ಳೆ ನಿಂತ ಮೇಲೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಅದನ್ನು ನೋಡುತ್ತಾ ಕೂತರೆ ನಾವೂ ಇಳಿಯುತ್ತಿದ್ದೇವೆ ಅನಿಸುತ್ತದೆ. ಹೊರಗೆ ತೆಗೆದು, ಮರದ ಪಿಸ್ತೂಲಿಗೆ ತೆಳ್ಳಗಿನ ಪ್ಲಾಸ್ಟಿಕ್ ಸುತ್ತಿ ಒಳಗೆ ತೂರಿಸಿ, ನುಣುಪಾದ ಒಂದು ಮೂಳೆಯ ತುಂಡಿನಿಂದ ಮತ್ತು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಏನೂ ಇಲ್ಲದ ಸಪಾಟು ಚರ್ಮದ ಮೇಲೆ ನಿಧಾನವಾಗಿ ಒಳಗಿನ ಆಕಾರ ಏಳತೊಡಗಿತು. ಮಂಜಿನಲ್ಲಿ ನಡೆದುಬರುವ ಮನುಷ್ಯನ ಹಾಗೆ, ಮೊದಲು ಭುಜ, ಆಮೇಲೆ ಮುಖ. ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಆಮೇಲೆ ನೆರಳಿನಲ್ಲಿ ಎರಡು ದಿನ ನೇತುಹಾಕಿದರು.

ಒಣಗಿದ ಮೇಲೆ ಗಾರ್ಡಮ್ಮನಿಗೆ ಅಳತೆ ನೋಡಿದರು. ನಿಲ್ಲಿಸಿ ಅಲ್ಲ, ಕೂರಿಸಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಇದು ವ್ಯಾನಿನ ಸೀಟು, ಪಕ್ಕದಲ್ಲಿ ಬಾಗಿಲು ಅಂದುಕೊಳ್ಳಿ ಅಂದರು. ಒರೆಯನ್ನು ಎರಡು ಬೆರಳು ಮೇಲೆತ್ತಿದರು, ಹಿಡಿಕೆಯನ್ನು ಕೊಂಚ ಮುಂದಕ್ಕೆ ವಾಲಿಸಿದರು, ಮೊಣಕೈ ಗೋಡೆಗೆ ತಾಗುತ್ತದಾ ಅಂತ ಹತ್ತು ಸಲ ನೋಡಿದರು. ಮರದ ಪಿಸ್ತೂಲನ್ನೂ ಒರೆಯ ಜೊತೆಗೇ ಕೊಟ್ಟುಕಳಿಸಿದರು. ಹೊಸ ಒರೆ ಪಳಗಬೇಕು. ಪಿಸ್ತೂಲಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು ಎಡಕ್ಕೊಂದು ಬಲಕ್ಕೊಂದು ತಿರುಚು ಕೊಡಬೇಕು, ಪ್ಲಾಸ್ಟಿಕ್ ತೆಗೆದು ದಿನಕ್ಕೆ ಐವತ್ತು ಸಲ ಎಳೆದು ಐವತ್ತು ಸಲ ಹಾಕಬೇಕು. ಬಿಸಿಲು ಬೇಡ, ಎಣ್ಣೆಯಂತೂ ಬೇಡವೇ ಬೇಡ. "ಚಪ್ಪಲಿ ಆದ್ರೆ ಕಾಲಿನ ಮಾತು ಕೇಳ್ಬೇಕಮ್ಮ. ಇದು ನಿಮ್ಮ ಮಾತೂ ಕೇಳ್ಬಾರ್ದು, ನನ್ನ ಮಾತೂ ಕೇಳ್ಬಾರ್ದು, ಒಳಗಿರೋದರ ಮಾತು ಮಾತ್ರ ಕೇಳ್ಬೇಕು," ಅಂದರು. ಗಾರ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ದೊಡ್ಡಪ್ಪ ಇದನ್ನೆಲ್ಲ ಸೊಸೆಗೆ ಹೇಳಿದರು. ಅತ್ತೆಗೆ ಹೇಳಲಿಲ್ಲ. ಅವರಿಗೂ ಹೇಳಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಮೂರು ವಾರ ಗಾರ್ಡಮ್ಮ ಮನೆಯಲ್ಲಿ ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡು ಐವತ್ತು ಸಲ ಎಳೆದರು, ಐವತ್ತು ಸಲ ಹಾಕಿದರು. ಹೊಸ ಚರ್ಮದ ಅಂಚು ತಾಗಿ ತಾಗಿ ಹೆಬ್ಬೆರಳಿನ ಬುಡದ ಚರ್ಮ ಸುಲಿದುಹೋಗಿತ್ತು. ಅದನ್ನು ಅತ್ತೆ ದಿನಾ ನೋಡುತ್ತಿದ್ದರು. ಮಗನ ಹಡಗಿನ ಬೂಟುಗಳನ್ನೆಲ್ಲ ಎಣ್ಣೆ ಹಚ್ಚಿ ಮೆತ್ತಗೆ ಮಾಡಿಕೊಟ್ಟ ಕೈ ಅವರದು. ಪರೀಕ್ಷೆಗೆ ಇನ್ನು ಮೂರು ದಿನ ಇದೆ ಅನ್ನುವಾಗ ಸೊಸೆ ಡ್ಯೂಟಿಗೆ ಹೋದ ಮೇಲೆ ಒರೆಯನ್ನು ತೆಗೆದುಕೊಂಡು, ತಲೆಗೆ ಹಚ್ಚುವ ಎಣ್ಣೆಯನ್ನು ಒಳಗೂ ಹೊರಗೂ ಮೂರು ಸಲ ತಿಕ್ಕಿ, ಬಿಸಿಲಿಗಿಟ್ಟರು. ಪಾಪ, ಪ್ರೀತಿಯಿಂದಲೇ. ಸಂಜೆ ಸೊಸೆ ಬಂದು ನೋಡಿದರೆ ಒರೆ ಹಸಿ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಪಿಸ್ತೂಲು ಬೆಣ್ಣೆಯ ಹಾಗೆ ಹೊರಗೆ ಬರುತ್ತಿತ್ತು, ನಿಜ. ಆದರೆ ಹೊರಗೆ ಬಂದ ತಕ್ಷಣ ಒರೆಯ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕೆಳಗೆ ನೋಡದೆ, ಒಂದೇ ಕೈಯಲ್ಲಿ, ಮತ್ತೆ ಒಳಗೆ ಹಾಕುವುದು ಸಾಧ್ಯವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಅಂಗಡಿಗೆ ಬಂದರು. ಮುಂದೆ ಅತ್ತೆ, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒರೆ, ಹಿಂದೆ ಮರದ ಪಿಸ್ತೂಲು ಹಿಡಿದ ಗಾರ್ಡಮ್ಮ. ಗಾರ್ಡಮ್ಮ ಅತ್ತಿರಲಿಲ್ಲ, ಆದರೆ ಗಾಜಿನ ಆಚೆ ನಿಂತಿದ್ದಾಗ ಆ ಅಲೆಗಳಲ್ಲಿ ಅವರ ಮುಖ ಒಡೆದುಹೋದ ಹಾಗೆ ಕಂಡಿತು. ಅತ್ತೆ ಪುಟ್ಟ ಮನುಷ್ಯೆ, ಸೊಸೆಯ ಭುಜಕ್ಕೂ ಬರುವುದಿಲ್ಲ, ಆದರೆ ಬಾಯಿ ಇಬ್ಬರದ್ದೂ ಸೇರಿಸಿ ಅವರಿಗೇ ಕೊಟ್ಟಿದ್ದಾನೆ ದೇವರು. ಒಳಗೆ ಬಂದವರೇ ದೊಡ್ಡಪ್ಪನನ್ನು ತರಾಟೆಗೆ ತೆಗೆದುಕೊಂಡರು. ಎಣ್ಣೆ ಹಚ್ಚಬಾರದು ಅಂತ ಒರೆಯ ಮೇಲೇ ಬರೆದಿಡಬೇಕಿತ್ತು, ಮನೆಯಲ್ಲಿ ಹಿರಿಯರು ಇದ್ದಾರಾ ಅಂತ ಕೇಳಬೇಕಿತ್ತು, ಇಷ್ಟು ವಯಸ್ಸಾಗಿದೆ ಅಷ್ಟೂ ತಿಳಿಯುವುದಿಲ್ಲವಾ. ಬೈದು ಬೈದು ಸುಸ್ತಾಗಿ ಕುರ್ಚಿಯ ಮೇಲೆ ಕೂತರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಅವಳ ಕೈ ಸುಲಿದಿತ್ತಪ್ಪ. ನನಗೆ ನೋಡಕ್ಕಾಗ್ಲಿಲ್ಲ."

ಒಳಗಿದ್ದ ದೊಡ್ಡಮ್ಮ ಸದ್ದಿಲ್ಲದೆ ಬಂದು ಅವರ ಕೈಗೆ ಟೀ ಕೊಟ್ಟರು.

ದೊಡ್ಡಪ್ಪ ಟವೆಲು ಬಿಚ್ಚಿ ಒರೆಯನ್ನು ಕೈಗೆ ತೆಗೆದುಕೊಂಡು, ಮೂಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಗುಳಿ ನಿಲ್ಲಲಿಲ್ಲ. ಹೊಸದೊಂದು ಮಾಡಿಕೊಡಿ ಅಂತ ಗಾರ್ಡಮ್ಮ ಕೇಳಿದರು. ಹೊಸದು ಮಾಡಬಹುದು, ಆದರೆ ಅದು ಒಣಗುವಷ್ಟರಲ್ಲಿ ಪರೀಕ್ಷೆಯ ದಿನ, ಪಳಗಿಸಲು ಸಮಯವೇ ಇಲ್ಲ, ಮತ್ತೆ ಬೆಲ್ಟು ಪಕ್ಕೆಲುಬಿಗೆ ಏರುತ್ತದೆ. ಇದನ್ನೇ ಮತ್ತೆ ನೆನೆಸಿ ಒತ್ತಿದರೆ? ಎಣ್ಣೆ ಕುಡಿದ ಚರ್ಮ ನೀರು ಕುಡಿಯುವುದಿಲ್ಲ, ನೀರು ಕುಡಿಯದ ಚರ್ಮ ಆಕಾರ ಹಿಡಿಯುವುದಿಲ್ಲ. ಹೀಗಂತ ಹೇಳಿ ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತಾ ಕೂತುಬಿಟ್ಟರು. ಅವರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಗೋಡೆಯ ಮೇಲೆ ಬಿಸಿಲು ನಡುಗುತ್ತಿತ್ತು, ಹೊರಗೆ ಯಾರೋ ಕೊಡೆ ಹಿಡಿದುಕೊಂಡು ನೀರಿನಡಿಯಲ್ಲಿ ಹೋದರು, ಒಂದು ಸೈಕಲ್ ಉದ್ದವಾಗಿ ಹರಿದುಹೋಯಿತು. ಗಾರ್ಡಮ್ಮ ನಿಂತೇ ಇದ್ದರು.

ಅತ್ತೆ ಒರೆಯನ್ನು ದೊಡ್ಡಪ್ಪನ ಕೈಯಿಂದ ತೆಗೆದುಕೊಂಡು, ಮುಚ್ಚಿದ ಬಾಯಿಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. ಬಿಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. "ಹಲ್ಲಿನ ಸೆಟ್ಟು ಹಾಕ್ಸೋ ಮುಂಚೆ ನನ್ನ ಬಾಯೂ ಹಿಂಗೇ ಒಳಗ್ ಹೋಗಿತ್ತು ನೋಡಿ. ಇದಕ್ಕೂ ಒಂದು ಸೆಟ್ಟು ಕಟ್ಟಿಸ್ಬಿಡಿ ಅತ್ಲಾಗೆ," ಅಂದರು.

ಗಾರ್ಡಮ್ಮ ಆವತ್ತು ಮೊದಲ ಸಲ ನಕ್ಕರು, ಬೇಡ ಬೇಡ ಅಂದರೂ ಬಂದ ನಗು. ದೊಡ್ಡಪ್ಪ ನಗಲಿಲ್ಲ. ಎಲ್ಲಿಂದಲೋ ವಾಪಸ್ಸು ಬಂದವರ ಹಾಗೆ ಅತ್ತೆಯ ಮುಖ ನೋಡಿದರು, ಮುಖವಲ್ಲ, ಬಾಯಿ ನೋಡಿದರು, ಹಲ್ಲು ತೋರಿಸಿ ಅಂತ ಕೇಳುತ್ತಾರೇನೋ ಅನ್ನುವಷ್ಟು ಹೊತ್ತು ನೋಡಿದರು. ಆಮೇಲೆ ಎದ್ದು ಹೊಸ ಚರ್ಮದ ಸುರುಳಿ ಎಳೆದರು.

ಅವರಿಗೆ ಹೊಳೆದದ್ದು ಇಷ್ಟೇ. ಒರೆಯ ಮೈ ಹೇಗೂ ಮೆತ್ತಗಾಗಿದೆ, ಪಿಸ್ತೂಲು ಸಲೀಸಾಗಿ ಬರುತ್ತದೆ, ಅದು ಹಾಗೇ ಇರಲಿ. ಗಡುಸಾಗಿರಬೇಕಾದದ್ದು ಬಾಯಿ ಒಂದೇ. ಎರಡು ಬೆರಳು ಅಗಲದ ಹೊಸ ಚರ್ಮದ ಪಟ್ಟಿಯನ್ನು ಎರಡು ಪದರ ಮಾಡಿ, ನೆನೆಸಿ, ಮರದ ಪಿಸ್ತೂಲಿನ ಸುತ್ತ ಬಿಗಿದು, ಒಂದು ರಾತ್ರಿ ಬಳೆಯ ಹಾಗೆ ಒಣಗಿಸಿ, ಆ ಬಳೆಯನ್ನು ಒರೆಯ ಬಾಯಿಗೆ ಹೊಲಿದುಬಿಡುವುದು. ಪಿಸ್ತೂಲು ಜಾರಿ ಬೀಳದ ಹಾಗೆ ಮೇಲೊಂದು ಪುಟ್ಟ ಪಟ್ಟಿ, ಹೆಬ್ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುವ ಪ್ರೆಸ್ ಬಟನ್ ಇಟ್ಟು.

ಮೊದಲು ಒರೆಯಲ್ಲಿದ್ದ ಎಣ್ಣೆ ತೆಗೆಯಬೇಕಿತ್ತು. ದೊಡ್ಡಮ್ಮನ ಮುಖದ ಪೌಡರಿನ ಡಬ್ಬಿಗಳು ಎರಡೂ ಖಾಲಿಯಾದವು. ಒಳಗೆಲ್ಲ ಪೌಡರು ತುಂಬಿಸಿ, ಎಣ್ಣೆ ಹೀರಿದ ಮೇಲೆ ಕೊಡವಿ, ಮತ್ತೆ ತುಂಬಿಸಿದರು. ಇಡೀ ಅಂಗಡಿಯಲ್ಲಿ ಮದುಮಗಳು ತಯಾರಾಗುವ ಕೋಣೆಯ ಪರಿಮಳ. ಪೌಡರಿನ ಪುಡಿ ಬಿಸಿಲಿನಲ್ಲಿ ತೇಲಿ, ಇಳಿಯಲೇ ಇಲ್ಲ. ದೊಡ್ಡಪ್ಪನ ಹುಬ್ಬು ಬೆಳ್ಳಗಾಗಿತ್ತು. ಆ ಎರಡು ದಿನ ಅತ್ತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತಿದ್ದರು, ದಾರಕ್ಕೆ ಮೇಣ ಹಚ್ಚಿಕೊಟ್ಟರು, ಮತ್ತೇನನ್ನೂ ಮುಟ್ಟಬಾರದು ಅಂತ ದೊಡ್ಡಪ್ಪ ಮೆಲ್ಲಗೆ ಕೇಳಿಕೊಂಡಿದ್ದರು. ಬಾಯಿಯ ಹತ್ತಿರ ಚರ್ಮ ಮೂರು ಪದರವಾಗಿತ್ತು, ದಬ್ಬಳ ಒಳಗೆ ಹೋಗದೆ ಎರಡು ಸಲ ಮುರಿಯಿತು. ಒಂದೊಂದು ಹೊಲಿಗೆಗೂ ದೊಡ್ಡಪ್ಪ ಉಸಿರು ಹಿಡಿದು ದಬ್ಬಳ ತಳ್ಳುವುದು, ಅದರ ಜೊತೆಗೆ ಅತ್ತೆಯೂ ಉಸಿರು ಹಿಡಿಯುವುದು, ಇಬ್ಬರೂ ಒಟ್ಟಿಗೇ ಬಿಡುವುದು. ಪರೀಕ್ಷೆಯ ಹಿಂದಿನ ಸಂಜೆ ಗಾರ್ಡಮ್ಮ ಬಂದು ಅದನ್ನು ಕಟ್ಟಿಕೊಂಡು ಕಣ್ಣು ಮುಚ್ಚಿ ಎಳೆದರು, ಹಾಕಿದರು. ಬಾಯಿ ತೆರೆದೇ ಇತ್ತು. ಇಪ್ಪತ್ತು ಸಲ ಮಾಡಿದರು. ಆಮೇಲೆ ದೊಡ್ಡಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಪರೀಕ್ಷೆಗೆ ದೊಡ್ಡಪ್ಪ ಹೋಗಲಿಲ್ಲ, ಐದು ಸಲ ಗುಂಡಿನ ಸದ್ದು ಕೇಳುವುದು ಅವರಿಂದ ಆಗದ ಮಾತು. ಅತ್ತೆ ಹೋದರು, ನಾನೂ ಅವರ ಜೊತೆಗೆ ಹೋದೆ. ಒಳಗೆ ಬಿಡಲಿಲ್ಲ. ಎತ್ತರದ ಗೋಡೆಯ ಹೊರಗೆ, ಒಂದು ಕಲ್ಲಿನ ಬೆಂಚಿನ ಮೇಲೆ ಕೂತೆವು. ಸೀಟಿ, ಗುಂಡು. ಆಮೇಲೆ ಉದ್ದನೆಯ ಮೌನ. ಆ ಮೌನದಲ್ಲೇ ಎಲ್ಲ ಇತ್ತು, ಯಾಕೆಂದರೆ ಪಿಸ್ತೂಲು ಒರೆಯೊಳಗೆ ಹೋಗುವುದು ಗೋಡೆಯ ಆಚೆ ಯಾರಿಗೂ ಕೇಳಿಸುವುದಿಲ್ಲ. ಅತ್ತೆ ಪ್ರತಿ ಸದ್ದಿಗೂ ಒಂದು ಬೆರಳು ಮಡಚುತ್ತಿದ್ದರು. ಐದನೆಯ ಬೆರಳು ಮಡಚಿದ ಮೇಲೆ ಮುಷ್ಟಿಯನ್ನು ಬಿಚ್ಚಲೇ ಇಲ್ಲ.

ಗಾರ್ಡಮ್ಮ ಗೇಟಿನಿಂದ ನಡೆದುಬಂದರು, ಯಾವಾಗಲೂ ನಡೆಯುವ ಹಾಗೇ, ನಿಧಾನವಾಗಿ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಹತ್ತಿರ ಬಂದು ಅತ್ತೆಯ ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳಿದರು: "ನಾಲ್ಕು ಆಯ್ತು ಅತ್ತೆ. ನಾಲ್ಕನೇದು ಒಳಗ್ ಹೋದಾಗ ಪಾಸಾದೆ ಅಂತ ಗೊತ್ತಾಗೋಯ್ತು. ಆ ಖುಷೀಲಿ ಐದನೇದು ಗೋಡೆಗೆ ಹೊಡ್ದೆ."

ಅತ್ತೆ ಮುಷ್ಟಿ ಬಿಚ್ಚಿ ಸೊಸೆಯ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆಮೇಲೆ ಅದೇ ಕೈಯಲ್ಲಿ ಬೆನ್ನು ಸವರಿದರು.

ಮುಂದಿನ ಸೋಮವಾರದಿಂದ ಗಾರ್ಡಮ್ಮ ವ್ಯಾನು ಹತ್ತಿದರು. ಹತ್ತು ದಿನ ಕಳೆದ ಮೇಲೆ, ರಜೆಯ ದಿನ, ಅಂಗಡಿಗೆ ಬಂದರು. ಹೊಸ ಹೊಲಿಗೆ ಹೇಗಿದೆ ಅಂತ ತೋರಿಸಲು ಬಂದದ್ದು, ದೊಡ್ಡಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಚೆನ್ನಾಗಿದೆ ಅಂದರು, ಆ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಆದರೆ ಗಾರ್ಡಮ್ಮ ಹೋಗಲಿಲ್ಲ. ದಾರಿಯ ವಿಷಯ ಹೇಳತೊಡಗಿದರು. ಬೆಳಿಗ್ಗೆ ಹೊರಟಾಗ ಊರಿನ ದೀಪಗಳು ಇನ್ನೂ ಆರಿರುವುದಿಲ್ಲವಂತೆ. ಮೂರನೆಯ ಊರು ಕಳೆದ ಮೇಲೆ ಎರಡೂ ಕಡೆ ಹಳದಿ ಹೊಲ, ಅದರ ನಡುವೆ ಯಾರೋ ಬಿಟ್ಟುಹೋದ ಒಂದು ನೀಲಿ ಬಸ್ಸು, ಅದರ ಕಿಟಕಿಗಳಿಂದ ಗಿಡ ಹೊರಗೆ ಬಂದಿದೆಯಂತೆ. ಅಲ್ಲಿಂದ ಮುಂದೆ ಒಂದು ನದಿ, ಅದರ ಮೇಲೆ ತುಂಬಾ ಉದ್ದನೆಯ ಸೇತುವೆ. ಬೆಳಗಿನ ಹೊತ್ತು ಮಂಜು ಇರುವುದರಿಂದ ಸೇತುವೆಯ ಆ ತುದಿ ಕಾಣುವುದಿಲ್ಲ, ವ್ಯಾನು ಏನೂ ಇಲ್ಲದ ಕಡೆಗೆ ಹೋಗುತ್ತಿದೆ ಅನಿಸುತ್ತದೆ, ಡ್ರೈವರ್ ಕೂಡ ಅಲ್ಲಿ ಮಾತು ನಿಲ್ಲಿಸುತ್ತಾನಂತೆ.

ದೊಡ್ಡಪ್ಪನ ಕೈಯಲ್ಲಿ ಬೇರೆ ಯಾರದೋ ಒರೆಯ ಒದ್ದೆ ಚರ್ಮವಿತ್ತು. ಒತ್ತುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಚರ್ಮ ಅಂಚಿನಿಂದ ಒಣಗುತ್ತಾ ಬಣ್ಣ ಬದಲಾಗುತ್ತಿತ್ತು, ಅವರು ಅದನ್ನು ನೋಡುತ್ತಲೇ ಇರಲಿಲ್ಲ, ಬಾಯಿ ಸ್ವಲ್ಪ ತೆರೆದುಕೊಂಡು ಗಾರ್ಡಮ್ಮನನ್ನೇ ನೋಡುತ್ತಿದ್ದರು. ಗಾರ್ಡಮ್ಮ ಸುಮ್ಮನಾದಾಗಲೆಲ್ಲ ದೊಡ್ಡಪ್ಪ ಆಮೇಲೆ, ಆಮೇಲೆ ಅನ್ನುತ್ತಿದ್ದರು.

ಊಟ ಆರಿಹೋಗುತ್ತಿದೆ ಅಂತ ಒಳಗಿನಿಂದ ದೊಡ್ಡಮ್ಮ ಮೂರನೆಯ ಸಲ ಕೂಗಿದರು.

"ಇರೇ," ಅಂದರು ದೊಡ್ಡಪ್ಪ, ತಲೆ ತಿರುಗಿಸದೆ. "ಇನ್ನೂ ಸೇತುವೆ ದಾಟಿಲ್ಲ."